ಮ್ಯೂನಿಕ್ ಬಿಟ್ಟು ಎರ್ಲಾಂಗನ್ ಬೆಟ್ಟದ ಬಿಯರ್ ಜಾತ್ರೆಗೆ

ಜರ್ಮನಿಯ ಬಿಯರ್ ಹಬ್ಬಕ್ಕೆ ಹೋಗಿದ್ದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟಾ?" ಅಲ್ಲ ಸ್ವಾಮಿ. ನಾವು ಹೋಗಿದ್ದು ಎರ್ಲಾಂಗನ್‌ಗೆ. ಬವೇರಿಯಾ ರಾಜ್ಯದ ಉತ್ತರ ಭಾಗದಲ್ಲಿ, ನ್ಯೂರೆಂಬರ್ಗ್ ಪಕ್ಕದಲ್ಲಿರುವ ಊರು. ಬೆಂಗಳೂರಿನಲ್ಲಿ ಸೀಮೆನ್ಸ್ ಕಡೆ ಕೆಲಸ ಮಾಡಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತಿರುತ್ತೆ. ನಮ್ಮ ಮಂಜ ಕೂಡ ಎರಡು ವರ್ಷಕ್ಕೆ ಅಂತ ಹೊರಟವನು ಅಲ್ಲೇ ಮನೆ ಮಾಡಿ, ಮದುವೆಯಾಗಿ, ಈಗ ಬಾಲ್ಕನಿಯಲ್ಲಿ ಕರಿಬೇವು ಬೆಳೆಸುವ ಮಟ್ಟಕ್ಕೆ ತಲುಪಿದ್ದಾನೆ.

ಮ್ಯೂನಿಕ್ ಬೇಡ ಅಂತ ತಡೆದವನೂ ಅವನೇ. "ಅಲ್ಲಿ ಟೆಂಟಿನೊಳಗೆ ಕೂರ್ತೀರಿ. ಇಲ್ಲಿ ಮರದ ಕೆಳಗೆ ಕೂರ್ತೀರಿ. ಅಷ್ಟೇ ವ್ಯತ್ಯಾಸ, ಆದರೆ ಅದೇ ದೊಡ್ಡದು" ಅಂದ. ವಯಸ್ಸಿನಲ್ಲೂ ಇದೇ ಹಿರಿಯದು. ಮ್ಯೂನಿಕ್‌ನ ಹಬ್ಬ ಶುರುವಾಗಿದ್ದು 1810ರಲ್ಲಿ, ರಾಜಕುಮಾರನ ಮದುವೆ ನೆಪದಲ್ಲಿ. ಎರ್ಲಾಂಗನ್‌ನ ಬೆರ್ಗ್‌ಕಿರ್ಷ್‌ವೈ 1755ರಿಂದ ಇದೆ. ಊರಿನ ಜನ ಇಷ್ಟುದ್ದದ ಹೆಸರು ಹೇಳುವುದಿಲ್ಲ, ಸುಮ್ನೆ 'ಬೆಟ್ಟ' ಅನ್ನುತ್ತಾರೆ. "ಸಂಜೆ ಬೆಟ್ಟಕ್ಕೆ ಬರ್ತೀಯಾ?" ಅಂದರೆ ಮುಗೀತು.

ಈಸ್ಟರ್ ಆಗಿ ಏಳು ವಾರಕ್ಕೆ ಪೆಂಟಕೋಸ್ಟ್ ಅನ್ನುವ ಕ್ರೈಸ್ತ ಹಬ್ಬದ ಭಾನುವಾರ ಬರುತ್ತೆ. ಅದರ ಹಿಂದಿನ ಗುರುವಾರ ಜಾತ್ರೆ ಶುರು, ಅಲ್ಲಿಂದ 12 ದಿನ. ಹಾಗಾಗಿ ಒಂದು ವರ್ಷ ಮೇ ತಿಂಗಳಲ್ಲಿ ಬಂದರೆ ಇನ್ನೊಂದು ವರ್ಷ ಜೂನ್‌ನಲ್ಲಿ. ಈ ಲೆಕ್ಕ ಮಾಡಿಕೊಂಡು ಟಿಕೆಟ್ ಕೊಂಡಿದ್ದು, ವೀಸಾಗೆ ಅಲೆದಿದ್ದು, ಅದೆಲ್ಲ ಎಲ್ಲರ ಕಥೆಯೂ ಒಂದೇ, ಬಿಡಿ. ಹೊರಟವರು ನಾನು, ಸೀನ, ಶಿರಸಿಯ ಭಟ್ಟ. ಭಟ್ಟ ಬಿಯರ್ ಕುಡಿಯುವುದಿಲ್ಲ, ಮೊಟ್ಟೆ ಕೂಡ ಮುಟ್ಟುವುದಿಲ್ಲ. "ನೀನ್ಯಾಕೋ ಬರ್ತೀಯ?" ಅಂತ ಸೀನ ಕೇಳಿದ್ದಕ್ಕೆ, "ಜಾತ್ರೆಗೆ ಹೋಗೋರೆಲ್ಲ ತೇರು ಎಳೀತಾರಾ ಮಾರಾಯ?" ಅಂದ.

ಬುಧವಾರ, ನ್ಯೂರೆಂಬರ್ಗ್

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ರೈಲು ಹಿಡಿದು ಮಧ್ಯಾಹ್ನಕ್ಕೆ ನ್ಯೂರೆಂಬರ್ಗ್. ಜಾತ್ರೆಯ ದಿನಗಳಲ್ಲಿ ಎರ್ಲಾಂಗನ್ ಹೋಟೆಲ್‌ಗಳ ದರ ಕೇಳುವ ಹಾಗಿಲ್ಲ. ಮಂಜನ ಮನೆಯಲ್ಲಿ ಒಬ್ಬರಿಗೆ ಸೋಫಾ ಬಿಟ್ಟರೆ ಜಾಗ ಇಲ್ಲ. ನ್ಯೂರೆಂಬರ್ಗ್‌ನಲ್ಲಿ ರೂಮು ಮಾಡಿದ್ದು ಒಳ್ಳೆಯದೇ ಆಯಿತು. ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಎರ್ಲಾಂಗನ್.

ಮಂಜ ಸ್ಟೇಷನ್‌ಗೆ ಬಂದಿದ್ದ. ನಿದ್ದೆಗೆಟ್ಟ ಕಣ್ಣಲ್ಲೇ ಊರು ಸುತ್ತಿಸಿದ. ಹಳೆ ಊರಿಗೆ ಕೆಂಪು ಮರಳುಗಲ್ಲಿನ ಕೋಟೆಗೋಡೆ, ಮೇಲೆ ಬೆಟ್ಟದಲ್ಲಿ ಅರಮನೆ. ನೋಡಲು ಎಷ್ಟೋ ವರ್ಷದ ಹಳೆ ಊರು, ಆದರೆ ಬಹುಪಾಲು ಮತ್ತೆ ಕಟ್ಟಿದ್ದು. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಇದರಲ್ಲಿ ಹೆಚ್ಚಿನದು ನೆಲಸಮವಾಗಿತ್ತು.

ಅರಮನೆ ಕೆಳಗಿನ ರಸ್ತೆಯಿಂದ ನೆಲದಡಿಗೆ ಇಳಿಯುವ ಒಂದು ಟೂರ್ ಇದೆ. ಬಿಯರ್ ಹಬ್ಬಕ್ಕೆ ಹೋಗುವವರು ಇದನ್ನು ಮೊದಲು ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಬಂಡೆ ಕೊರೆದು ಮಾಡಿದ ನೆಲಮಾಳಿಗೆಗಳು, ಒಂದರೊಳಗಿಂದ ಒಂದಕ್ಕೆ ದಾರಿ. 1380ರಲ್ಲೇ ಇಲ್ಲಿನ ನಗರಸಭೆ ಒಂದು ಕಟ್ಟಳೆ ಮಾಡಿತ್ತು: ಬಿಯರ್ ಮಾಡಿ ಮಾರುವವನಿಗೆ ಸ್ವಂತ ನೆಲಮಾಳಿಗೆ ಇರಲೇಬೇಕು, ಅದು ಹತ್ತು ಅಡಿ ಆಳ, ಹದಿನಾರು ಅಡಿ ಅಗಲ ಇರಬೇಕು. ಯುದ್ಧ ಬಂದಾಗ ಊರಿನ ಜನ ಅಡಗಿ ಜೀವ ಉಳಿಸಿಕೊಂಡಿದ್ದೂ ಇದೇ ಬಿಯರ್ ಗುಹೆಗಳಲ್ಲಿ. ಮೇಲೆ ಟೀ ಶರ್ಟಿನಲ್ಲಿ ಬೆವರುತ್ತಿದ್ದ ನಾವು ಒಳಗೆ ಗಡಗಡ ನಡುಗಿದೆವು. ಸ್ವೆಟರ್ ತಗೊಂಡು ಹೋಗಿ. ಇಂಗ್ಲಿಷ್ ಟೂರ್ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಕೊಳ್ಳಿ. ನಮ್ಮದು ಜರ್ಮನ್ ಟೂರ್, ಮಂಜ ಪಿಸುಗುಟ್ಟಿ ಕನ್ನಡ ಮಾಡುತ್ತಿದ್ದ, ಮುಂದೆ ನಿಂತ ಅಜ್ಜಿ ಎರಡು ಸಲ ತಿರುಗಿ ನೋಡಿದರು.

ರಾತ್ರಿ ಊಟಕ್ಕೆ ಸೀನನಿಗೆ ನ್ಯೂರೆಂಬರ್ಗ್ ಸಾಸೇಜ್. ಬೆರಳಿನಷ್ಟೇ ಉದ್ದ, ಬೀಚ್ ಕಟ್ಟಿಗೆ ಬೆಂಕಿಯಲ್ಲಿ ಸುಟ್ಟಿದ್ದು. ಆರು, ಎಂಟು, ಹತ್ತು, ಹನ್ನೆರಡು ಅಂತ ಲೆಕ್ಕದಲ್ಲಿ ಆರ್ಡರ್ ಮಾಡಬೇಕು. ಭಟ್ಟ ಮೆನುವಿನಲ್ಲಿ ಆಲೂಗಡ್ಡೆ ಉಂಡೆ ನೋಡಿ ಖುಷಿಯಾದ. "ಮಾಂಸ ಇದೆಯಾ?" ಅಂತ ಇಂಗ್ಲಿಷ್‌ನಲ್ಲಿ ಕೇಳಿದ. ಬಡಿಸುವ ಹುಡುಗಿ ಇಲ್ಲ ಅಂದಳು. ದೊಡ್ಡ ನಿಂಬೆಹಣ್ಣಿನ ಬಣ್ಣದ ಎರಡು ಉಂಡೆ ಬಂತು, ಸುತ್ತ ಕಂದು ಬಣ್ಣದ ಸಾರು. ಫೋನಿನಲ್ಲಿ ಮಾತಾಡುತ್ತಾ ಹೊರಗಿದ್ದ ಮಂಜ ಒಳಗೆ ಬಂದು ತಟ್ಟೆ ನೋಡಿದವನೇ, "ಏಯ್, ನಿಲ್ಲಿಸೋ!" ಅಂದ. ಅದು ಹಂದಿ ಹುರಿದ ಪಾತ್ರೆಯಿಂದ ತೆಗೆದ ಸಾರು. ತುಂಡು ಇಲ್ಲದ ಮೇಲೆ ಮಾಂಸ ಇಲ್ಲ ಅನ್ನೋದು ಅವಳ ಲೆಕ್ಕ. ಚಮಚ ತುಟಿಯ ಹತ್ತಿರವೇ ಇತ್ತು. ಭಟ್ಟ ಅದನ್ನು ಬಲು ಮರ್ಯಾದೆಯಿಂದ ತಟ್ಟೆಗೆ ವಾಪಸ್ ಇಟ್ಟ. ಇಲ್ಲಿ 'ಮಾಂಸ ಇಲ್ಲದ್ದು' ಅಂತ ಕೇಳಬೇಡಿ, 'ವೆಗೆಟಾರಿಶ್' ಅಂತಲೇ ಕೇಳಿ. ಆಮೇಲೆ ಮರೆಯದೆ ಸಾರು ಯಾವುದರದ್ದು ಅಂತಲೂ ಕೇಳಿ.

ಗುರುವಾರ, ಬೆಟ್ಟ

ರೈಲು ಫ್ಯೂರ್ಟ್ ಊರಿನ ಮೇಲೆ ಹಾದು ಎರ್ಲಾಂಗನ್‌ಗೆ ಹೋಗುತ್ತೆ. ಜರ್ಮನಿಯ ಮೊದಲ ರೈಲು 1835ರಲ್ಲಿ ಓಡಿದ್ದು ಇದೇ ನ್ಯೂರೆಂಬರ್ಗ್ ಮತ್ತು ಫ್ಯೂರ್ಟ್ ಮಧ್ಯೆ. ಮರುವರ್ಷ ಆ ರೈಲು ಸಾಗಿಸಿದ ಮೊದಲ ಸರಕು ಏನು ಗೊತ್ತಾ? ಎರಡು ಪೀಪಾಯಿ ಬಿಯರ್. ಕಲ್ಲಿದ್ದಲಲ್ಲ, ಕಬ್ಬಿಣವಲ್ಲ. ಈ ಸೀಮೆಯ ಜನರ ಆದ್ಯತೆ ಅಂದಿನಿಂದಲೂ ಸ್ಪಷ್ಟ.

ಸ್ಟೇಷನ್‌ನಿಂದ ಬೆಟ್ಟಕ್ಕೆ ನಡೆದೇ ಹೋಗಬೇಕು. ದಾರಿ ಕೇಳುವುದೇ ಬೇಡ, ಇಡೀ ಊರು ಒಂದೇ ದಿಕ್ಕಿಗೆ ಹೊರಟಿರುತ್ತೆ. ಎರ್ಲಾಂಗನ್‌ನ ಮುಖ್ಯ ರಸ್ತೆ ಗೆರೆ ಎಳೆದಷ್ಟು ನೇರ. ಫ್ರಾನ್ಸ್‌ನಿಂದ ಓಡಿಬಂದ ಹ್ಯೂಗೆನಾಟ್ ಕ್ರೈಸ್ತರಿಗೆ ಅಂತ 1686ರಲ್ಲಿ ಅಳತೆ ಹಾಕಿ ಕಟ್ಟಿದ ಹೊಸ ಬಡಾವಣೆ ಅದು. ಅದನ್ನು ದಾಟಿ ಹಳೆ ಊರು ಸಿಕ್ಕ ಮೇಲೆ ರಸ್ತೆ ಸೊಟ್ಟಗಾಗುತ್ತೆ, ಚೂರು ಏರು ಶುರುವಾಗುತ್ತೆ, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯ ವಾಸನೆ ಬರುತ್ತೆ. ಹುಡುಗರೆಲ್ಲ ಚರ್ಮದ ಚಡ್ಡಿ, ಹುಡುಗಿಯರು ಡಿರ್ನ್‌ಡ್ಲ್ ಲಂಗ. "ಇದು ಇಲ್ಲಿಯವರ ಉಡುಪೇ ಅಲ್ಲ ಕಣೋ. ಮ್ಯೂನಿಕ್ ಕಡೆಯದು. ಇಲ್ಲಿನ ಹಿರಿಯರು ನೋಡಿ ಮುಖ ಸಿಂಡರಿಸ್ತಾರೆ" ಅಂದ ಮಂಜ. ನಿಜ, ವಯಸ್ಸಾದವರು ಮಾಮೂಲಿ ಪ್ಯಾಂಟು ಶರ್ಟಲ್ಲೇ ಇದ್ದರು.

ಬೆಟ್ಟ ಅಂದರೆ ನಮ್ಮ ಕಡೆಯವರು ನಗುವಷ್ಟು ಗಿಡ್ಡ. ಒಂದು ಗುಡ್ಡ ಅನ್ನಿ. ಗುಡ್ಡದ ಮೈಗೆ ಮೆಟ್ಟಿಲಿನ ಹಾಗೆ ಕಟ್ಟೆಗಳು, ಕಟ್ಟೆಯ ತುಂಬ ಉದ್ದುದ್ದ ಬೆಂಚು, ಮೇಲೆ ಭಾರಿ ಭಾರಿ ಮರಗಳು. ಕೆಳಗಿನ ರಸ್ತೆಯಲ್ಲಿ ಅಂಗಡಿ, ತೊಟ್ಟಿಲು, ಜೈಂಟ್ ವೀಲ್. ಪ್ರವೇಶಕ್ಕೆ ಟಿಕೆಟ್ ಇಲ್ಲ.

ಸಂಜೆ ಐದಕ್ಕೆ ಮೇಯರ್ ಬಂದು ಮೊದಲ ಪೀಪಾಯಿಗೆ ಮರದ ಸುತ್ತಿಗೆಯಿಂದ ನಲ್ಲಿ ಹೊಡೆಯುತ್ತಾರೆ. ಎಷ್ಟು ಏಟಿಗೆ ನಲ್ಲಿ ಕೂತಿತು ಅಂತ ಜನ ಎಣಿಸುತ್ತಾರೆ. ನಮಗೆ ಕಂಡಿದ್ದು ಸುತ್ತಿಗೆ ಹಿಡಿದ ಒಂದು ಕೈ ಮಾತ್ರ, ಅದೂ ಯಾರದ್ದೋ ಹೆಗಲ ಮೇಲೆ ಕೂತಿದ್ದ ಮಗುವಿನ ಕಾಲುಗಳ ಸಂದಿಯಿಂದ. ಮೊದಲು ಹರಿದ ಬಿಯರ್ ಪುಕ್ಕಟೆ. ಅದಕ್ಕೆ ಆದ ನೂಕುನುಗ್ಗಲು ನೋಡಿ ಸೀನ ಕೂಡ ಹಿಂದೆ ಸರಿದ.

ಇಲ್ಲಿ ಬಿಯರ್ ಸಿಗುವುದು ಲೀಟರ್ ಲೆಕ್ಕದಲ್ಲಿ, ಬೂದು ಬಣ್ಣದ ಕಲ್ಲಿನಂಥ ಮಣ್ಣಿನ ಮಗ್ಗಿನಲ್ಲಿ. ನಮ್ಮ ದೊಡ್ಡ ಬಾಟಲಿಯ ಒಂದೂವರೆ ಪಾಲು ಅಂದುಕೊಳ್ಳಿ. ಜಾತ್ರೆಗೆಂದೇ ಮಾಡಿದ ಬಿಯರ್, ಮಾಮೂಲಿಗಿಂತ ಸ್ವಲ್ಪ ಖಡಕ್. ಬೆಲೆ 10 ಯೂರೋ ದಾಟಿದೆ. ಮಗ್ಗಿಗೆ ಬೇರೆ ಡೆಪಾಸಿಟ್, ಅದಕ್ಕೊಂದು ಟೋಕನ್. ಕುಡಿದಾದ ಮೇಲೆ ಮಗ್ಗು ಮತ್ತು ಟೋಕನ್ ಎರಡನ್ನೂ ಕೊಟ್ಟರೆ ದುಡ್ಡು ವಾಪಸ್. ಸೀನ ಟೋಕನ್ನನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆಯಲು ಎದ್ದ, ವಾಪಸ್ ಬರುವಷ್ಟರಲ್ಲಿ ಮಗ್ಗು ಇತ್ತು, ಟೋಕನ್ ಇರಲಿಲ್ಲ. ಕೌಂಟರ್‌ನವನು ತಲೆ ಅಲ್ಲಾಡಿಸಿದ. ಪರ್ಸಿನಲ್ಲೇ ಇಟ್ಟುಕೊಳ್ಳಿ. ಅಂದ ಹಾಗೆ ಚಿಲ್ಲರೆ, ನೋಟು ಕೈಯಲ್ಲಿರಲಿ. ಎಲ್ಲಾ ಕಡೆ ಕಾರ್ಡ್ ನಡೆಯುತ್ತೆ ಅಂತ ನಂಬಿ ಹೋಗಬೇಡಿ.

ಮೇಲಿನ ಕಟ್ಟೆಯೊಂದರಲ್ಲಿ ಜಾಗ ಸಿಕ್ಕಿತು. ಬೆಂಚಿನ ತುದಿಯಲ್ಲಿ ಒಬ್ಬರು ಹಿರಿಯರು ಕೂತಿದ್ದರು. "ಖಾಲಿ ಇದೆಯಾ?" ಅಂತ ಮಂಜ ಕೇಳಿದ್ದಕ್ಕೆ ಮಾತಾಡದೆ ತಮ್ಮ ಟೋಪಿ ಎತ್ತಿಟ್ಟರು. ಇಲ್ಲಿ ಇದೇ ಪದ್ಧತಿ, ಗುರುತಿಲ್ಲದವರ ಜೊತೆ ಬೆಂಚು ಹಂಚಿಕೊಳ್ಳುವುದು. ಅವರು ಒಂದು ಗುಟುಕು ಕುಡಿದು, ಬಿಯರ್ ಮ್ಯಾಟನ್ನು ಮಗ್ಗಿನ ಬಾಯಿಗೆ ಮುಚ್ಚಿ ಇಡುತ್ತಿದ್ದರು. ಮತ್ತೆ ತೆಗೆದು ಗುಟುಕು, ಮತ್ತೆ ಮುಚ್ಚು. ಯಾಕೆ ಅಂತ ನನಗೆ ಐದು ನಿಮಿಷದಲ್ಲೇ ಗೊತ್ತಾಯಿತು. ನನ್ನ ನೊರೆಯ ಮೇಲೆ ಮರದಿಂದ ಒಂದು ಹಸಿರು ಹುಳ ಬಿದ್ದು ಈಜಾಡುತ್ತಿತ್ತು. ಹಿರಿಯರು ಬೆರಳಿನಿಂದ ಅದನ್ನು ತೆಗೆದು ಹಾಕಿ, ತಮ್ಮ ಜೇಬಿನಿಂದ ಇನ್ನೊಂದು ಮ್ಯಾಟ್ ಕೊಟ್ಟರು. ಅಲ್ಲಿಂದ ಮಾತು ಶುರು.

ಹುಡುಗನಾಗಿದ್ದಾಗಿನಿಂದ ಬರುತ್ತಿದ್ದಾರಂತೆ, ಇದೇ ಕಟ್ಟೆಗೆ. ಅವರಪ್ಪ ಕೂರುತ್ತಿದ್ದುದೂ ಇಲ್ಲೇ. "ಈ ಮರಗಳು ನೆರಳಿಗೆ ಅಂತ ನೆಟ್ಟಿದ್ದು ನಿಜ. ಆದರೆ ನಿಮ್ಮ ನೆರಳಿಗಲ್ಲ, ಬಿಯರ್ ನೆರಳಿಗೆ" ಅಂದರು. ನಾವು ಕೂತಿದ್ದ ಕಟ್ಟೆಯ ಹಿಂದೆಯೇ ಗುಡ್ಡದೊಳಗೆ ಉದ್ದನೆಯ ಸುರಂಗಗಳಿವೆ. ಈ ಕಡೆಯ ಬಿಯರ್ ಹುದುಗಿ ಹದಕ್ಕೆ ಬರಬೇಕಾದರೆ ತಣ್ಣಗಿರಬೇಕು, ತಿಂಗಳುಗಟ್ಟಲೆ. ಯಂತ್ರ ಇಲ್ಲದ ಕಾಲದಲ್ಲಿ ಬೇಸಿಗೆಯಲ್ಲಿ ಬಿಯರ್ ಮಾಡುವುದಕ್ಕೇ ಬವೇರಿಯಾದಲ್ಲಿ ನಿಷೇಧವಿತ್ತು. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಅವಕಾಶ. ಹಾಗಾಗಿ ಚಳಿಗಾಲದ ಬಿಯರನ್ನು ಗುಡ್ಡದೊಳಗೆ ತುಂಬಿ, ಕೆರೆಯ ಮಂಜುಗಡ್ಡೆ ಕೊಯ್ದು ಒಳಗೆ ಪೇರಿಸಿ, ಮೇಲೆ ಬಿಸಿಲು ಬೀಳದಿರಲಿ ಅಂತ ಅಗಲ ಎಲೆಯ ಮರ ನೆಡುತ್ತಿದ್ದರು. ಬೇಸಿಗೆಯಲ್ಲಿ ಸುರಂಗದ ಬಾಯಲ್ಲೇ ಪೀಪಾಯಿ ಒಡೆದು ಮಾರಿದರೆ ತಣ್ಣನೆ ಬಿಯರ್. ಕುಡಿಯಲು ಬಂದವರಿಗೆ ಕೂರಲು ಬೆಂಚು ಬಂತು. ಹಳೆ ಊರಿನ ಪೆಂಟಕೋಸ್ಟ್ ಸಂತೆ 1755ರಲ್ಲಿ ಈ ಗುಡ್ಡಕ್ಕೆ ಬಂತು. 1870ರ ದಶಕದಲ್ಲಿ ಲಿಂಡೆ ಅನ್ನುವವರು ಮ್ಯೂನಿಕ್‌ನಲ್ಲಿ ತಣ್ಣಗೆ ಮಾಡುವ ಯಂತ್ರ ಕಂಡುಹಿಡಿದರು, ಸುರಂಗದ ಕೆಲಸ ಮುಗಿಯುತ್ತಾ ಬಂತು. ಬೆಂಚಿನ ಕೆಲಸ ಮಾತ್ರ ಮುಗಿದಿಲ್ಲ.

ಇಷ್ಟನ್ನು ಹೇಳುವಷ್ಟರಲ್ಲಿ ಅವರ ಮಗ್ಗು ಅರ್ಧ ಆಗಿತ್ತು. ಸೀನನದ್ದು ಎರಡನೆಯದು ಬಂದಿತ್ತು. "ನಿಧಾನ. ಇದು 12 ದಿನದ ಕೆಲಸ" ಅಂದರು.

ಎಂಟು ಗಂಟೆ ಆಗುತ್ತಿದ್ದಂತೆ ಬೇರೆಯೇ ಊರು. ಬ್ಯಾಂಡ್ ಜೋರಾಯಿತು, ಜನ ಬೆಂಚಿನ ಮೇಲೆ ಹತ್ತಿ ನಿಂತು ಕುಣಿಯತೊಡಗಿದರು, ಫೋನಿನ ನೆಟ್‌ವರ್ಕ್ ಸತ್ತಿತು, ಒಬ್ಬರನ್ನೊಬ್ಬರು ಕಳೆದುಕೊಂಡರೆ ಸಿಗುವುದು ಕಷ್ಟ. ಜೈಂಟ್ ವೀಲ್ ಕೆಳಗೆ ಸೇರೋಣ ಅಂತ ಮೊದಲೇ ಮಾತಾಡಿಕೊಂಡಿದ್ದು ಉಪಯೋಗಕ್ಕೆ ಬಂತು. ಅಲ್ಲೂ ನಮ್ಮ ಹಾಗೇ ಮಾತಾಡಿಕೊಂಡ ನೂರಾರು ಜನ ಇದ್ದರು, ಅದು ಬೇರೆ ಮಾತು. ನನಗಂತೂ ಈ ರಾತ್ರಿಯ ಗಲಾಟೆ ರುಚಿಸಲಿಲ್ಲ. ಇಂಥ ಡ್ಯಾನ್ಸು ಬೆಂಗಳೂರಿನಲ್ಲೂ ಸಿಗುತ್ತೆ. ನೀವು ಹೋಗುವುದಾದರೆ ಮಧ್ಯಾಹ್ನ ಹೋಗಿ, ಕತ್ತಲಾಗುವ ಮೊದಲು ಇಳಿದು ಬನ್ನಿ. ಸೀನನನ್ನು ಕೇಳಿದರೆ ಉಲ್ಟಾ ಹೇಳುತ್ತಾನೆ. ರಾತ್ರಿ ಹನ್ನೊಂದಕ್ಕೆ ಎಲ್ಲಾ ಬಂದ್, ಅದರಲ್ಲಿ ಎರಡು ಮಾತಿಲ್ಲ.

ಶುಕ್ರವಾರ, ಮಳೆ

ಬೆಳಗ್ಗೆಯಿಂದ ಜಡಿಮಳೆ. ಹೋಗೋದಾ ಬೇಡವಾ ಅಂತ ಯೋಚಿಸುತ್ತಾ ಮಧ್ಯಾಹ್ನ ಕೊಡೆ ಹಿಡಿದು ಹೊರಟೆವು. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಇದೇ ಒಳ್ಳೆಯ ದಿನ.

ದೊಡ್ಡ ಮರದಡಿ ಕೂತರೆ ಮಳೆ ತಡವಾಗಿ ತಲುಪುತ್ತೆ, ನಿಂತ ಮೇಲೂ ಸುಮಾರು ಹೊತ್ತು ಬೀಳುತ್ತಲೇ ಇರುತ್ತೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮೂವತ್ತು ನಲವತ್ತು ಜನ ಕಟ್ಟೆಯಲ್ಲಿ ಅಲ್ಲಲ್ಲಿ ಮುದುರಿ ಕೂತಿದ್ದರು. ಬ್ಯಾಂಡಿನವರು ಅಷ್ಟೇ ಜನಕ್ಕೆ ಪೂರ್ತಿ ಮನಸ್ಸಿಟ್ಟು ತುತ್ತೂರಿ ಊದುತ್ತಿದ್ದರು. ಬೆಂಚು ಒದ್ದೆ ಅಂತ ಯಾರೂ ಎದ್ದು ಹೋಗಲಿಲ್ಲ. ಪ್ಲಾಸ್ಟಿಕ್ ಚೀಲ ಹಾಸಿ ಅದರ ಮೇಲೆ ಕೂತರು.

ಭಟ್ಟನಿಗೆ ಊಟ ಸಿಕ್ಕಿದ್ದು ಅವತ್ತೇ. ಮೂಲಂಗಿ ಅಂಗಡಿಯ ಹೆಂಗಸು ಅವನನ್ನು ಕೈಹಿಡಿದರು ಅನ್ನಬಹುದು. ಮೊಳಕೈ ಗಾತ್ರದ ಬಿಳಿ ಮೂಲಂಗಿಯನ್ನು ಒಂದು ಸಣ್ಣ ತಿರುಗಣೆಗೆ ಸಿಕ್ಕಿಸಿ ಸುತ್ತಿದರೆ, ಅದು ತುಂಡಾಗದೆ ಉದ್ದನೆಯ ಸುರುಳಿಯಾಗಿ ಬಿಚ್ಚಿಕೊಳ್ಳುತ್ತೆ. ಸುರುಳಿಯ ಪದರು ಪದರಿಗೂ ಉಪ್ಪು ಉದುರಿಸಿ ಮತ್ತೆ ಮೂಲಂಗಿಯ ಆಕಾರಕ್ಕೆ ಒತ್ತಿ ಇಟ್ಟರು. ಭಟ್ಟ ಕೈ ಹಾಕಲು ಹೋದ. ಅವರು ಅವನ ಕೈಗೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟು, ಗಡಿಯಾರ ತೋರಿಸಿ, ಐದು ಬೆರಳು ಎತ್ತಿದರು. ಐದು ನಿಮಿಷಕ್ಕೆ ಮೂಲಂಗಿ ನೀರು ಬಿಟ್ಟಿತ್ತು, ಖಾರ ಇಳಿದು ಸಿಹಿ ಬಂದಿತ್ತು. ಜೊತೆಗೆ ಮುಖದಷ್ಟು ಅಗಲದ ಪ್ರೆಟ್ಜೆಲ್, ಚೀಸ್, ಈರುಳ್ಳಿ ಕಲಸಿದ ಗೊಜ್ಜಿನಂಥದ್ದು. ಭಟ್ಟ ಎರಡು ಮೂಲಂಗಿ ಮುಗಿಸಿದ. ಆ ಹೆಂಗಸಿಗೆ ಅವನ ಮೇಲೆ ಎಷ್ಟು ಅಭಿಮಾನ ಬಂತೆಂದರೆ ಮೂರನೆಯದಕ್ಕೆ ದುಡ್ಡು ತಗೊಳ್ಳಲಿಲ್ಲ. ಈ ಕಾಲದಲ್ಲಿ ಬಿಳಿ ಆಸ್ಪರಾಗಸ್ ಕೂಡ ಎಲ್ಲಾ ಹೋಟೆಲ್‌ಗಳಲ್ಲಿ ಸಿಗುತ್ತೆ, ಸಸ್ಯಾಹಾರಿಗಳಿಗೆ ವರ. ಅದರ ಮೇಲೆ ಸುರಿಯುವ ಹಳದಿ ಸಾಸ್‌ನಲ್ಲಿ ಮೊಟ್ಟೆ ಇರುತ್ತೆ, ಬೇಡದವರು ಬೆಣ್ಣೆ ಸಾಕು ಅಂತ ಹೇಳಿ.

ಬ್ಯಾಂಡ್ ವಿರಾಮ ತಗೊಂಡಾಗ ಕಟ್ಟೆಯ ಹಿಂದಕ್ಕೆ ಹೋದೆ. ಗುಡ್ಡದ ಗೋಡೆಯಲ್ಲಿ ಕಮಾನಿನ ಬಾಗಿಲು, ಕಬ್ಬಿಣದ ಸರಳು. ಒಳಗೆ ಒಂದು ದೀಪ, ಅದರಾಚೆ ಕತ್ತಲು. ಸರಳಿನ ಮುಂದೆ ನಿಂತರೆ ಮೊದಲು ಮೊಣಕಾಲಿಗೆ ತಣ್ಣಗಾಯಿತು. ಗಾಳಿ ನೆಲದ ಮಟ್ಟದಲ್ಲಿ ಹೊರಗೆ ಹರಿಯುತ್ತಿತ್ತು, ನೀರು ಹರಿದ ಹಾಗೆ. ಸೊಂಟದಿಂದ ಮೇಲೆ ಮೇ ತಿಂಗಳು, ಕೆಳಗೆ ಜನವರಿ. ಮುದುಕರು ಹೇಳಿದ್ದು ಕಿವಿಗೆ ಕೇಳಿತ್ತು, ಈಗ ಕಾಲಿಗೂ ಗೊತ್ತಾಯಿತು.

ಶನಿವಾರ, ಬಾಂಬೆರ್ಗ್

ಬವೇರಿಯಾ ಟಿಕೆಟ್ ಅಂತ ಒಂದಿದೆ. ಐದು ಜನರವರೆಗೆ ಒಂದೇ ಟಿಕೆಟ್, ದಿನವಿಡೀ ಲೋಕಲ್ ರೈಲುಗಳಲ್ಲಿ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ನಂತರ ಮಾತ್ರ, ಶನಿವಾರ ಭಾನುವಾರ ಆ ತಾಪತ್ರಯ ಇಲ್ಲ. ನಮ್ಮ ರೈಲು ಮುಕ್ಕಾಲು ಗಂಟೆ ತಡ, ಆಮೇಲೆ ಪ್ಲಾಟ್‌ಫಾರ್ಮ್ ಬದಲು. ಸೀನ ನಿಜವಾಗಿಯೂ ನೆಮ್ಮದಿಯಾದ. "ನಾನು ಇವರದ್ದೆಲ್ಲ ಗಡಿಯಾರದ ಹಾಗೆ ನಡೆಯುತ್ತೆ ಅಂದುಕೊಂಡು ಹೆದರಿದ್ದೆ" ಅಂದ.

ಎರ್ಲಾಂಗನ್ ಬಿಟ್ಟ ಕೂಡಲೇ ರೈಲು ಒಂದು ಸುರಂಗಕ್ಕೆ ನುಗ್ಗುತ್ತೆ. 1844ರ ಸುರಂಗ, ಬಾಯಿಯ ಅಕ್ಕಪಕ್ಕ ಕಲ್ಲಿನ ಸಿಂಹಗಳು. "ತಲೆ ಮೇಲೆ ನೋಡು, ಅಲ್ಲೇ ನಮ್ಮ ಬೆಟ್ಟ" ಅಂದ ಮಂಜ. ನೋಡುವಷ್ಟರಲ್ಲಿ ಬೆಳಕು ಬಂತು. ಹಿಂದಿನ ಎರಡು ದಿನ ಜನ ಕುಣಿದಿದ್ದು ಈ ಗುಡ್ಡದ ಮೈಮೇಲೆ.

ಬಾಂಬೆರ್ಗ್ ಯುದ್ಧದಲ್ಲಿ ಹೆಚ್ಚು ಪೆಟ್ಟು ತಿನ್ನದೆ ಉಳಿದ ಊರು, 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನದಿಯ ಮಧ್ಯದಲ್ಲಿ ಹಳೆಯ ಟೌನ್ ಹಾಲ್, ಎರಡೂ ಕಡೆ ಸೇತುವೆ. ಗೋಡೆ ತುಂಬ ಚಿತ್ರ. ಆ ಚಿತ್ರದೊಳಗಿನ ಒಂದು ದೇವದೂತ ಮಗುವಿನ ಕಾಲು ಮಾತ್ರ ನಿಜವಾಗಿ ಗೋಡೆಯಿಂದ ಹೊರಗೆ ಚಾಚಿಕೊಂಡಿದೆ! ಚಿತ್ರಕ್ಕೆ ಗಾರೆಯ ಕಾಲು. ಎಲ್ಲರೂ ಅಗಲವಾದ ಸೇತುವೆ, ಹೊಳೆ ಅಂತ ಫೋಟೊ ತೆಗೆಯುತ್ತಿದ್ದರೆ ಭಟ್ಟ ಅದನ್ನು ಕಂಡುಹಿಡಿದ.

ಇಲ್ಲಿಗೆ ಬರುವುದು ಹೊಗೆ ಬಿಯರ್‌ಗೆ. ಮೊಳಕೆ ಬಂದ ಬಾರ್ಲಿಯನ್ನು ಬೀಚ್ ಕಟ್ಟಿಗೆಯ ಬೆಂಕಿಯ ಮೇಲೆ ಒಣಗಿಸುತ್ತಾರೆ, ಆ ಹೊಗೆ ಬಿಯರಿನಲ್ಲೇ ಉಳಿಯುತ್ತೆ. ಮೊದಲೆಲ್ಲ ಕಡೆ ಹೀಗೇ ಒಣಗಿಸುತ್ತಿದ್ದರು, ಬೇರೆಯವರು ಬಿಟ್ಟರು, ಇವರು ಬಿಡಲಿಲ್ಲ. ಶ್ಲೆಂಕರ್ಲಾ ಅನ್ನುವ ಹಳೆಯ ಹೋಟೆಲ್‌ನಲ್ಲಿ, ಕಪ್ಪುಗಟ್ಟಿದ ತೊಲೆಗಳ ಕೆಳಗೆ ಕೂತು ಮೂಗಿನ ಹತ್ತಿರ ಲೋಟ ತಂದೆ. ಅಜ್ಜಿಮನೆ ಬಚ್ಚಲೊಲೆಗೆ ಹಸಿ ಕಟ್ಟಿಗೆ ಹಾಕಿ ಹಂಡೆ ನೀರು ಕಾಯಿಸಿದ ದಿನ ಟವೆಲಿಗೆ ಹಿಡಿದಿರುತ್ತಲ್ಲ, ಅದೇ ವಾಸನೆ. ಸೀನ ಒಂದು ಗುಟುಕಿಗೆ ಲೋಟ ನನ್ನ ಕಡೆ ತಳ್ಳಿದ. ಮೂರನೆಯ ಲೋಟದಿಂದ ಇಷ್ಟವಾಗುತ್ತೆ ಅನ್ನೋದು ಇಲ್ಲಿಯವರ ಮಾತು. ನನಗೆ ಎರಡನೆಯದಕ್ಕೇ ಆಯಿತು, ಅದು ಸೀನನದ್ದು.

ವಾಪಸ್ ಬರುವಾಗ ಸೂಪರ್ ಮಾರ್ಕೆಟ್‌ಗೆ ಓಡಿದೆವು. ಇಲ್ಲಿ ಭಾನುವಾರ ಅಂಗಡಿ ಇಲ್ಲ, ಪೆಂಟಕೋಸ್ಟ್ ಸೋಮವಾರವೂ ರಜೆ. ಶನಿವಾರ ಸಂಜೆಯೊಳಗೆ ಹಾಲು, ಬ್ರೆಡ್, ತರಕಾರಿ ತಂದಿಟ್ಟುಕೊಳ್ಳದಿದ್ದರೆ ಎರಡು ದಿನ ಉಪವಾಸ.

ಭಾನುವಾರ, ವಾಲ್ಬರ್ಲಾ ಗುಡ್ಡ ಮತ್ತು ಚಿತ್ರಾನ್ನ

ಮಂಜನ ಹೆಂಡತಿ ಬೆಳಗ್ಗೆಯೇ ಎರಡು ಡಬ್ಬಿ ಚಿತ್ರಾನ್ನ ಕಲಸಿ ಇಟ್ಟಿದ್ದರು, ಬಾಲ್ಕನಿಯ ಕರಿಬೇವು ಹಾಕಿ. ಅವರೂ ಬಂದರು. ಫೋರ್ಷೈಮ್‌ನಲ್ಲಿ ರೈಲು ಬದಲಿಸಿ, ಕಿರ್ಷ್‌ಏರೆನ್‌ಬಾಕ್ ಅನ್ನುವ ಪುಟ್ಟ ಸ್ಟೇಷನ್‌ನಲ್ಲಿ ಇಳಿದು ವಾಲ್ಬರ್ಲಾ ಹತ್ತಿದೆವು. ಮೇಲೆ ಮೇಜಿನಂತೆ ಚಪ್ಪಟೆ, ಒಂದು ಸಣ್ಣ ಚರ್ಚು, ಸುತ್ತ ಹುಲ್ಲು. ಎರಡು ಸಾವಿರ ವರ್ಷಕ್ಕೂ ಹಿಂದೆ ಕೆಲ್ಟ್ ಜನ ಕೋಟೆ ಕಟ್ಟಿಕೊಂಡಿದ್ದ ಜಾಗ. ಕೆಳಗೆ ಕಣ್ಣು ಹಾಯಿಸಿದಷ್ಟೂ ಚೆರ್ರಿ ತೋಟ. ಹಣ್ಣಿನ್ನೂ ಹಸಿರು, ಒಂದು ತಿಂಗಳು ಬಿಟ್ಟು ಬಂದಿದ್ದರೆ ಹೊಟ್ಟೆ ತುಂಬ ತಿನ್ನಬಹುದಿತ್ತು. ಹಿಂದಿನ ದಿನಗಳ ಮಳೆಗೆ ಇಳಿಜಾರಿನ ಕಾಲುದಾರಿ ಜಾರುತ್ತಿತ್ತು. ಸೀನ ಒಂದು ಕಡೆ ಕೂತೇ ಇಳಿದ, ಅವನ ಹೊಸ ಪ್ಯಾಂಟಿನ ಬಣ್ಣ ಬದಲಾಯಿತು.

ಫೋರ್ಷೈಮ್ ಊರಿನ ಅಂಚಿಗೆ ಒಂದು ಕಾಡಿದೆ. ಎರ್ಲಾಂಗನ್ ಬೆಟ್ಟದಂತೆಯೇ ಅಲ್ಲೂ ಗುಡ್ಡದೊಳಗೆ ಬಿಯರ್ ಸುರಂಗಗಳು, ಮರದಡಿ ಬೆಂಚುಗಳು, ಜುಲೈ ಕೊನೆಗೆ ಇವರದ್ದೇ ಒಂದು ಜಾತ್ರೆ. ಕೆಲವು ಕಟ್ಟೆಗಳು ಬೇರೆ ದಿನಗಳಲ್ಲೂ ತೆರೆದಿರುತ್ತವೆ. ನಾವು ಹೊಕ್ಕ ಕಡೆ ಕೌಂಟರ್‌ನವನನ್ನು ಮಂಜ ಕೇಳಿದ, ಮನೆ ಊಟ ತಂದಿದ್ದೀವಿ, ತಿನ್ನಬಹುದಾ ಅಂತ. ಅವನು ಭುಜ ಹಾರಿಸಿ, "ಬಿಯರ್ ನನ್ನದು, ಊಟ ನಿಮ್ಮಿಷ್ಟ" ಅಂದ. ಬವೇರಿಯಾದ ಬಿಯರ್ ತೋಟಗಳಲ್ಲಿ ಇದು ಹಳೆ ಪದ್ಧತಿ, 1999ರಲ್ಲಿ ಸರ್ಕಾರ ಮಾಡಿದ ನಿಯಮದ ವಿವರಣೆಯಲ್ಲೂ ಇದರ ಮಾತಿದೆ. ಆದರೂ ಒಂದು ಮಾತು ಕೇಳಿ ಕೂರುವುದು ವಾಸಿ.

ಪಕ್ಕದ ಬೆಂಚಿನ ಸಂಸಾರ ಚೌಕುಳಿ ಬಟ್ಟೆ ಹಾಸಿ, ಮರದ ಹಲಗೆ, ಚಾಕು, ಬ್ರೆಡ್ಡು, ಉಪ್ಪಿನ ಡಬ್ಬಿ ಎಲ್ಲ ಜೋಡಿಸಿ ಕೂತಿತ್ತು. ನಾವು ಸ್ಟೀಲ್ ಡಬ್ಬಿ ಬಿಚ್ಚಿದೆವು. ಅರಿಶಿನದ ಬಣ್ಣ, ಒಗ್ಗರಣೆ ವಾಸನೆಗೆ ಆ ಮನೆಯ ಅಜ್ಜಿ ಕತ್ತು ಚಾಚಿದರು. ಕೊಟ್ಟೆವು. ಅವರು ಅನ್ನ ತಿಂದು, ಕರಿಬೇವಿನ ಎಲೆಯನ್ನೂ ಜಗಿದು ನುಂಗಿ, ಕಡಲೆಬೀಜ ಒಂದನ್ನು ಎತ್ತಿ ಹಿಡಿದು, "ಇದನ್ನು ಬಿಯರ್ ಜೊತೆ ತಿನ್ನೋದು, ಅನ್ನಕ್ಕೆ ಯಾಕೆ ಹಾಕಿದ್ದೀರಿ?" ಅಂದರು. ಮಂಜನ ಹೆಂಡತಿ ನಗುತ್ತಾ, "ನಮ್ಮಲ್ಲಿ ಎರಡಕ್ಕೂ ಆಗುತ್ತೆ ಅಜ್ಜಿ" ಅಂತ ಜರ್ಮನ್‌ನಲ್ಲೇ ಅಂದರು. ನಮ್ಮ ಡಬ್ಬಿಯಲ್ಲಿ ಅವರ ಮನೆಯ ಚೆರ್ರಿ ಜಾಮ್ ಬಾಟಲಿ ವಾಪಸ್ ಬಂತು. ಭಟ್ಟ ಆಪಲ್ ಜ್ಯೂಸ್‌ಗೆ ಸೋಡಾ ಬೆರೆಸಿದ್ದು ಕುಡಿಯುತ್ತಾ ಸಂಜೆಯವರೆಗೆ ಕೂತಿದ್ದ. ಕುಡಿಯದವರನ್ನು ಇಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲ. ನಮ್ಮಲ್ಲಿ ಒಂದು ಪಾರ್ಟಿಯಲ್ಲಿ ಅವನಿಗೆ ಹತ್ತು ಜನ ಕೇಳುತ್ತಾರೆ.

ಸೋಮವಾರ ಊರೆಲ್ಲ ಬಂದ್, ಬಟ್ಟೆ ಒಗೆದು ಮಲಗಿದೆವು.

ಮಂಗಳವಾರ, ಮತ್ತೆ ಬೆಟ್ಟ

ಜಾತ್ರೆಯ ಮಂಗಳವಾರ ಎರ್ಲಾಂಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಇಲ್ಲ. ಮಧ್ಯಾಹ್ನದಿಂದ ಎಷ್ಟೋ ಕಚೇರಿಗಳೂ ಖಾಲಿ. ಬೆಂಚುಗಳ ತುಂಬ ಕುತ್ತಿಗೆಯ ಐಡಿ ಕಾರ್ಡ್ ತೆಗೆಯಲು ಮರೆತವರು. ಮಂಜನ ಬಾಸ್ ಸಿಕ್ಕರು, ಬಾಸ್‌ನ ಬಾಸ್ ಕೂಡ ಸಿಕ್ಕರು. ಎಲ್ಲರೂ ಒಂದೇ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಮಗ್ಗು ತಾಗಿಸುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಮಗ್ಗು ನೋಡಿದರೆ ಮರ್ಯಾದೆ ಅಲ್ಲ. ಲೀಟರ್ ತೂಕದ ಮಗ್ಗು ನೋಡದೆ ತಾಗಿಸಿದರೆ ಬೆರಳು ಜಜ್ಜುತ್ತೆ, ನನ್ನದು ಜಜ್ಜಿತು.

ಗುರುವಾರದ ಹಿರಿಯರು ಅದೇ ಜಾಗದಲ್ಲಿದ್ದರು, ಮಗ್ಗಿಗೆ ಅದೇ ಮುಚ್ಚಳ. ರಾತ್ರಿ ಫ್ರಾಂಕ್‌ಫರ್ಟ್‌ನಿಂದ ವಿಮಾನ ಅಂದದ್ದಕ್ಕೆ ಬೇಸರ ಮಾಡಿಕೊಂಡರು. "ಕೊನೆಯ ಸೋಮವಾರ ನೋಡದೆ ಹೋಗ್ತೀರಾ?" ಅವತ್ತು ರಾತ್ರಿ ಕೊನೆಯ ಪೀಪಾಯಿಯನ್ನು ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುತ್ತಾರಂತೆ. ಹಾಡು ಹೇಳಿ, ಬಿಳಿ ಕರವಸ್ತ್ರ ಬೀಸಿ. "ನಿಜವಾಗಿ ಅಳುವವರೂ ಇದ್ದಾರೆ" ಅಂದರು. ತಾವು ಅಳುತ್ತಾರೋ ಇಲ್ಲವೋ ಹೇಳಲಿಲ್ಲ.

ಮಗ್ಗು, ಟೋಕನ್ ಕೊಟ್ಟು ದುಡ್ಡು ಪಡೆದು ಓಡಿದೆವು. ರೈಲಿನಲ್ಲಿ ವ್ಯೂರ್ಟ್ಸ್‌ಬುರ್ಗ್‌ವರೆಗೆ ನಿಂತೇ ಪ್ರಯಾಣ.

ನಾವು ಬೆಂಗಳೂರಿಗೆ ಬಂದು ಆಫೀಸು, ಟ್ರಾಫಿಕ್ಕು ಅಂತ ಶುರುವಾಗಿತ್ತು. ಮುಂದಿನ ವಾರದ ಮಂಗಳವಾರ ಬೆಳಗ್ಗೆ ಮಂಜ ಗ್ರೂಪಿಗೆ ವಿಡಿಯೊ ಹಾಕಿದ್ದ. ಕತ್ತಲಲ್ಲಿ ಸಾವಿರಾರು ಜನ, ಹಾಡು, ಬೀಸುವ ಕರವಸ್ತ್ರಗಳು. "ಮಣ್ಣಾಯ್ತು" ಅಂತ ಬರೆದಿದ್ದ. ಸೀನ ಅಳುವ ಮುಖ ಹಾಕಿದ. ಸ್ವಲ್ಪ ಹೊತ್ತಿಗೆ ಭಟ್ಟನ ಉತ್ತರ ಬಂತು: "ಹನ್ನೆರಡನೇ ದಿನ ಮುಗೀತಲ್ಲ. ಇವತ್ತು ವೈಕುಂಠ ಸಮಾರಾಧನೆ. ಊಟ ಎಲ್ಲಿ ಅಂತ ಕೇಳು. ಸಾರು ಯಾವುದರದ್ದು ಅಂತಲೂ ಕೇಳು."